ಮಹಾಮಾಯಾಳ ಕಿಟಕಿಯ ದೀಪ

ಬೀದರ,
9 ನವೆಂಬರ್ 2025, ಭಾನುವಾರ

ಚಿಂತಾಕಿಯ ಭಾಗೀರಥಿ ಆಯಿಗೆ ಪ್ರಣಾಲಿಯ ಜೈಭೀಮ.

ನಿಮ್ಮ ಮೊಮ್ಮಗಳಾದ ಮಹಾಮಾಯಾಳ ಗೆಳತಿ ನಾನು. ಅವಳನ್ನು ಬೀದರಿನ ಆಸ್ಪತ್ರೆಗೆ ಕರೆತರುವಾಗ ನನಗೂ ಸೇರಿಸಿ ಜೋಳದ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದಿರಿ. ನಮ್ಮಿಬ್ಬರಿಗೂ ಹುಟ್ಟಿನಿಂದಲೇ ಎಚ್‌ಐವಿ, ಇಬ್ಬರಿಗೂ ಅದೇ ಗುಳಿಗೆ. ಫೋನು ಮಾಡಿದರೆ ನೀವು ಎತ್ತುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಓದಿದ ಮೇಲೆ ಒಲೆಗೆ ಹಾಕಿಬಿಡಿ.

ಮಹಾಮಾಯಾಳ ಫೋನಿನೊಳಗಿನ ಆಟದ ವಿಷಯ ಇದು. ಗುಳಿಗೆ ಮರೆಯಬಾರದೆಂದು ಆಸ್ಪತ್ರೆಯ ಮುನವ್ವರ ಬೇಗಂ ಮೇಡಂ ನಮಗೆ ಹಾಕಿಕೊಟ್ಟಿದ್ದರು. ಆಟದಲ್ಲೊಂದು ಓಣಿ, ಓಣಿಯಲ್ಲಿ ನಮ್ಮ ನಮ್ಮ ಮನೆ. ಗುಳಿಗೆ ನುಂಗಿದವರು ಕಿಟಕಿಯಲ್ಲಿ ದೀಪ ಹಚ್ಚಬೇಕು. ಹಚ್ಚಿದರೆ ಮನೆಯೊಳಗಿನ ಹುಡುಗಿಗೆ ಕಳೆ ಬರುತ್ತದೆ. ಹಚ್ಚದಿದ್ದರೆ ಮೇಡಂಗೆ ಗೊತ್ತಾಗುತ್ತದೆ, ಹುಡುಕಿಕೊಂಡು ಬರುತ್ತಾರೆ. ಮಹಾಮಾಯಾಳದು ನನ್ನ ಪಕ್ಕದ ಮನೆ. ಅವಳದೊಂದು ಹಟ: ಅಂಗಳದ ಆಡಿಗೆ ಸೊಪ್ಪು ಹಾಕದೆ ದೀಪ ಹಚ್ಚುವವಳಲ್ಲ. ಅದರಿಂದ ಆಟದಲ್ಲಿ ಏನೂ ಸಿಗುವುದಿಲ್ಲ ಎಂದು ನಾನು ನಗುತ್ತಿದ್ದೆ. “ಅದಕ್ಕೂ ಹಸಿವಿ ಆಗ್ತದಲ್ಲ” ಅನ್ನುತ್ತಿದ್ದಳು.

ಅವಳು ಭಾಲ್ಕಿಯ ಹಾಸ್ಟೆಲಿಗೆ ಹೋದ ಮೇಲೂ ಕಿಟಕಿ ಬೆಳಗುತ್ತಲೇ ಇತ್ತು. ಆದರೆ ಆಡು ಉಪವಾಸ. ಹೊತ್ತು ಮುಳುಗಿದ ಕೂಡಲೇ ನೇರವಾಗಿ ದೀಪ. ಆಟದಲ್ಲಿ ನಾನು ಅವಳ ಬಾಗಿಲು ತಟ್ಟಿದರೆ ಒಳಗಿನ ಹುಡುಗಿ ಗಾಜಿಗೆ ಮುಖ ಒತ್ತಿ ಸುಮ್ಮನೆ ನೋಡುತ್ತಿದ್ದಳು, ತೆಗೆಯುತ್ತಿರಲಿಲ್ಲ. ದಿನ ಹೋದಂತೆ ಅವಳ ಗಲ್ಲ ತುಂಬಿತು, ಜಡೆ ಉದ್ದವಾಯಿತು. ಆಯಿ, ನನಗೆ ಆ ಹುಡುಗಿಯನ್ನು ಕಂಡರೆ ಹೆದರಿಕೆಯಾಗತೊಡಗಿತು. ಮಹಾಮಾಯಾಳ ಮನೆಯಲ್ಲಿ ಬೇರೆ ಯಾರೋ ಇದ್ದಾರೆ ಅನ್ನಿಸಿತು.

ಶುಕ್ರವಾರ ಭಾಲ್ಕಿಗೆ ಹೋದೆ. ಬಾಗಿಲು ತೆಗೆದವಳ ಗುರುತೇ ಸಿಗಲಿಲ್ಲ. ಕಣ್ಣು ಒಳಗೆ ಹೋಗಿವೆ, ಬಳೆ ಮೊಣಕೈವರೆಗೆ ಜಾರುತ್ತವೆ. ಆಟದ ಹುಡುಗಿ ಮೈ ತುಂಬಿಕೊಂಡಷ್ಟೂ ಇವಳು ಕರಗಿದ್ದಾಳೆ. ಗುಳಿಗೆಯ ಡಬ್ಬಿಗಳು ಟ್ರಂಕಿನ ತಳದಲ್ಲಿ ಸೀಲು ಒಡೆಯದೆ ಕೂತಿವೆ. ಜೊತೆಯ ಹುಡುಗಿಯರು ನೋಡಿಬಿಟ್ಟಾರೆಂಬ ಅಂಜಿಕೆ ಅವಳಿಗೆ. ಹಾಗಾದರೆ ದೀಪ ಹಚ್ಚುವವರು ಯಾರು ಎಂದು ಕೇಳಿದೆ. “ಫೋನ್ ಊರಾಗ ಆಯಿ ಹತ್ರ ಅದ. ಇಲ್ಲಿ ಇಟ್ಕೊಳ್ಳಾಕ ಬಿಡಂಗಿಲ್ಲ. ‘ನಾ ಇಲ್ಲಿ ಹಚ್ಚಿದ್ರ ನಿನಗ ಅಲ್ಲಿ ಮುಟ್ತದ’ ಅಂದಾಳ ಆಯಿ” ಎಂದಳು. ಊರಿಗೆ ಹೋಗು, ಗುಳಿಗೆ ಶುರು ಮಾಡು ಎಂದು ಬೈದೆ, ಅತ್ತುಬಿಟ್ಟೆ. ಅವಳು ಟ್ರಂಕು ಮುಚ್ಚಿದಳು. ಮೇಡಂಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡಳು. ನಾಳೆ ಆ ಆಣೆ ಮುರಿಯುತ್ತೇನೆ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ದೂರ ಹೋದವರ ಹೆಸರಿನಲ್ಲಿ ಬುದ್ಧನ ಫೋಟೊ ಮುಂದೆ ಮೇಣಬತ್ತಿ ಹಚ್ಚುವವರು ನೀವು, ನನ್ನ ಪರೀಕ್ಷೆಗೂ ಹಚ್ಚಿದ್ದೀರಿ. ಮೊಮ್ಮಗಳು ಗುಳಿಗೆ ತಪ್ಪಿಸುವುದಿಲ್ಲವೆಂದೇ ನಂಬಿದ್ದೀರಿ. ಆದರೆ ಈ ದೀಪ ಅಂಥದ್ದಲ್ಲ ಆಯಿ. ಇದು ಉರಿಯುವವರೆಗೆ ಯಾರೂ ಅವಳನ್ನು ಹುಡುಕುವುದಿಲ್ಲ. ಹೀಗೇ ಬಿಟ್ಟರೆ ಅವಳು ನಮಗೆ ಉಳಿಯುವುದಿಲ್ಲ. ಕೈಮುಗಿದು ಕೇಳುತ್ತೇನೆ, ಇನ್ನು ಹಚ್ಚಬೇಡಿ. ಆ ಕಿಟಕಿ ಕತ್ತಲಾಗಲಿ.

ನಿಮ್ಮ ಇನ್ನೊಬ್ಬ ಮೊಮ್ಮಗಳು,
ಪ್ರಣಾಲಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಫೋನು ನೋಡಿದೆ. ಹೊತ್ತು ಮುಳುಗಿದೆ, ಮಹಾಮಾಯಾಳ ಕಿಟಕಿ ಕತ್ತಲು. ಪತ್ರ ಇನ್ನೂ ನನ್ನ ಕೈಯಲ್ಲೇ ಇದೆಯಲ್ಲ! ಬಾಗಿಲು ತಟ್ಟಿದೆ. ಗಾಜಿನ ಹಿಂದೆ ಯಾರೂ ಬರಲಿಲ್ಲ. ಮತ್ತೆ ತಟ್ಟಿದೆ. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಹುಡುಗಿ ಅಂಗಳಕ್ಕೆ ಬಂದು ಆಡಿಗೆ ಸೊಪ್ಪು ಹಾಕಿದಳು, ಆಮೇಲೆ ದೀಪ ಹಚ್ಚಿದಳು. ಆಯಿ, ಅವಳು ಮನೆಗೆ ಬಂದಿದ್ದಾಳೆ ಅಲ್ಲವೇ? ಈ ಪತ್ರ ಅಂಚೆಗೆ ಹಾಕುವುದಿಲ್ಲ, ನಾಳೆ ಬೆಳಗಿನ ಔರಾದ ಬಸ್ಸು ಹತ್ತಿ ನಿಮ್ಮೂರಿಗೆ ನಾನೇ ತರುತ್ತೇನೆ, ಮೇಡಂಗೆ ದಾರಿಯಿಂದಲೇ ಫೋನು ಮಾಡಿ ಹೇಳುತ್ತೇನೆ. ದೀಪ ನೋಡಿ ನಂಬಿದ್ದು ಸಾಕು. ಅವಳು ಗುಳಿಗೆ ನುಂಗುವುದನ್ನು ಕಣ್ಣಾರೆ ನೋಡಬೇಕು.