ತೊಟ್ಟಿಲ ಬಳಿ ಬಾಯಿ ಮುಚ್ಚಿಸಿದ ಅಣ್ಣನಿಗೆ

ಸುರಪುರ
ವ್ಯಯ ಸಂವತ್ಸರ, ಕಾರ್ತಿಕ ಶುದ್ಧ ದಶಮಿ, 1946

ಮೊದಲು ‘ಯಾದಗಿರಿ ಕಚೇರಿಯ ಭೀಮರಾವ್ ಸಾಹೇಬರಿಗೆ’ ಎಂದು ಬರೆದು ಹೊಡೆದು ಹಾಕಿದೆ. ನಮ್ಮ ಭೀಮರಾಯಣ್ಣನಿಗೆ ತಂಗಿ ಹಣಮಂತಮ್ಮನ ನಮಸ್ಕಾರ.

ಊರು ಮುಟ್ಟಿದ್ದೇನೆ. ಶಹಾಪುರ ದಾಟಿದರೂ ನನ್ನ ಸಿಟ್ಟು ಇಳಿದಿರಲಿಲ್ಲ. ಗಾಡಿ ಹೊಡೆಯುವ ಮಲ್ಲಣ್ಣ ಕೇಳಿಯೇ ಬಿಟ್ಟ: “ಅಳಿಯಗ ಹೆಸರಿಟ್ಟು ಬಂದೀರಿ, ಮಾರಿ ಯಾಕ ಹಿಂಗ ಮಾಡೀರಿ ಅಕ್ಕಾ?” ಬಿಸಿಲು ಎಂದು ಸುಳ್ಳು ಹೇಳಿದೆ.

ಸೋದರತ್ತೆ ಬಂದು ಹೆಸರಿಡಬೇಕು ಎಂದು ನೀನು ಕಳಿಸಿದ ಕಾಗದ ಉರ್ದುವಿನಲ್ಲಿತ್ತು. ಪೇಟೆಯಲ್ಲಿ ಅತ್ತರು ಮಾರುವವನ ಅಂಗಡಿಯಲ್ಲಿ ನಿಂತು ಓದಿಸಿಕೊಂಡೆ. ನೀನು ಉರ್ದು ಕಲಿತದ್ದಕ್ಕೆ ನನ್ನ ತಕರಾರಿಲ್ಲ. ಶಾಲೆ, ಕಚೇರಿ ಎಲ್ಲ ಅದರಲ್ಲೇ ನಡೆಯುವಾಗ ಹೊಟ್ಟೆಪಾಡಿಗೆ ಕಲಿಯಲೇಬೇಕು. ಆದರೆ ಭೀಮೆಯ ಮರಳಿನಲ್ಲಿ ನನ್ನ ಬೆರಳು ಹಿಡಿದು ಕನ್ನಡ ತಿದ್ದಿಸಿದವನು ನೀನೇ ಅಲ್ಲವೇ? ಅದೇ ಅಕ್ಷರಗಳಲ್ಲಿ ಈಗ ಬೈಯುತ್ತಿದ್ದೇನೆ, ಓದಿಕೋ.

ಹೆಂಗಸರು ಜೋಗುಳ ಎತ್ತಿಕೊಂಡು ಎರಡು ನುಡಿ ಮುಗಿದಿರಲಿಲ್ಲ, ನೀನು ಪಡಸಾಲೆಯಿಂದ ಓಡಿ ಬಂದೆ. “ಸಾಕ್ ಮಾಡ್ರಿ, ಪೇಶಕಾರ್ ಸಾಹೇಬ್ರು ಕುಂತಾರ. ದಿನಮಾನ ಚಲೋ ಇಲ್ಲ” ಎಂದೆ. ಸಭೆ ಸೇರಲು ಸರ್ಕಾರದ ಪರವಾನಗಿ ಬೇಕೆಂದು ಜನ ಹೇಳುವುದು ಕೇಳಿದ್ದೆ. ಜೋಗುಳಕ್ಕೂ ಬೇಕೆಂದು ಯಾವ ಸರ್ಕಾರವೂ ಹೇಳಿಲ್ಲ, ನೀನು ಹೇಳಿದೆ. ಅತ್ತ ನಿನ್ನ ಮೇಲಧಿಕಾರಿ ಪೇಶಕಾರರು ಏನು ಕೇಳಿದರು? “ಹಾಡು ಯಾಕ ನಿಂತ್ವು ಭೀಮರಾವ್? ನಮ್ಮ ಅಮ್ಮಾನೂ ಹಿಂಗ ಹಾಡ್ತಿದ್ಲು.” ಹೆಂಗಸರಿಗೆ ಗಂಟಲು ಕಟ್ಟಿದೆ ಎಂದು ನೀನು ಹಲ್ಲುಕಿರಿದೆ. ಹೆದರಿಸುವವರೇ ಇಲ್ಲದ ಕಡೆ ಹೆದರುವವನನ್ನು ನಾನು ನೋಡಿದ್ದು ಅವತ್ತೇ.

ಅದನ್ನಾದರೂ ನುಂಗಿಕೊಂಡೇನು. ಹೆಸರಿನ ಮಾತು ನುಂಗಲಾಗದು. ನಾನು ಇಲ್ಲಿಂದ ಹೊರಡುವಾಗ ಅವ್ವ ನನ್ನ ಕೈ ಹಿಡಿದು ಹೇಳಿ ಕಳಿಸಿದ್ದಳು: “ನಮ್ಮಪ್ಪನ ಹೆಸರ ಇಡ್ರಿ. ಅಷ್ಟ ಕೇಳಿ ಕಣ್ಣ ಮುಚ್ಚತೀನಿ.” ನೀನು ನನ್ನನ್ನು ಅಡುಗೆಮನೆಗೆ ಕರೆದು, “ದ್ಯಾವಪ್ಪ ಅಂದ್ರ ಅಂಬಿಗರ ಹೆಸರಂತ ಗೊತ್ತಾಗತದ. ಪ್ರತಾಪರಾವ್ ಅನ್ನು” ಎಂದೆ. ಗೊತ್ತಾಗಲಿ! ಹೊಳೆ ತುಂಬಿ ಬಂದಾಗಲೂ ನಿನ್ನನ್ನು ಹರಿಗೋಲಿನಲ್ಲಿ ಕೂಡಿಸಿಕೊಂಡು, ಪಾಟಿ ತೊಯ್ಯಬಾರದೆಂದು ಅದನ್ನು ತನ್ನ ರುಮಾಲಿನಲ್ಲಿ ಕಟ್ಟಿಕೊಂಡು ದಾಟಿಸಿದವನು ಅವ್ವನ ಅಪ್ಪ, ಆ ಅಂಬಿಗ. ಮುತ್ಯಾ ಹುಟ್ಟು ಹಾಕದಿದ್ದರೆ ನಿನಗೆ ಉರ್ದುವೂ ಇಲ್ಲ, ಕುರ್ಚಿಯೂ ಇಲ್ಲ.

ಇಲ್ಲಿ ಸುರಪುರದಲ್ಲಿ ರಾಜ್ಯ ಹೋಗಿ ಎಷ್ಟೋ ಕಾಲವಾಯಿತು. ಕೋಟೆಯ ಕಲ್ಲುಗಳು ಸಡಿಲಾಗಿವೆ. ಆದರೂ ಜನ ಸತ್ತುಹೋದ ದೊರೆಗಳ ಹೆಸರನ್ನು ಮಕ್ಕಳಿಗಿಟ್ಟು ಬೀದಿಯಲ್ಲಿ ಗಟ್ಟಿಯಾಗಿ ಕರೆಯುತ್ತಾರೆ. ಅವರಿಗಿಲ್ಲದ ಅಂಜಿಕೆ ನಿನಗೇಕೆ? ಇಂದಲ್ಲ ನಾಳೆ ಕಾಲ ಬದಲಾಗುತ್ತದೆ ಎಂದು ಸಂಸ್ಥಾನದ ಗಡಿಯಾಚೆ ತಾಳಿಕೋಟೆಯಿಂದ ಬರುವವರೆಲ್ಲ ಹೇಳುತ್ತಾರೆ. ಆಗ ಮಗನಿಗೆ ಮತ್ತೊಂದು ಹೆಸರು ಹುಡುಕುತ್ತೀಯಾ?

ತುಂಬಿದ ಮನೆಯಲ್ಲಿ ನಿನ್ನ ಮಾನ ಕಳೆಯಬಾರದೆಂದು ಎಲ್ಲರಿಗೂ ಕೇಳುವಂತೆ ಪ್ರತಾಪರಾವ್ ಎಂದು ಕೂಗಿದೆ. ನಿನ್ನ ಮುಖ ಅರಳಿತು. ನನಗೆ ಅಳು ಬಂತು. ನನ್ನಣ್ಣ ಇಷ್ಟು ಸಣ್ಣವನಾದನಲ್ಲ ಎಂದು ಅತ್ತೆ. ಸಂತೋಷಕ್ಕೆ ಎಂದು ನೀನು ಎಲ್ಲರಿಗೂ ಹೇಳಿದೆ. ನಿನ್ನ ಮೇಲೆ ನನಗೆ ಸಿಟ್ಟಿದೆ, ಬಹಳ ಸಿಟ್ಟಿದೆ. ಅದು ಆರುವ ತನಕ ಯಾದಗಿರಿಗೆ ಬರುವುದಿಲ್ಲ.

ಸಿಟ್ಟಿನಲ್ಲೂ ನಿನ್ನ ತಂಗಿಯೇ ಆದ
ಹಣಮಂತಮ್ಮ

ತಾ.ಕ.: ಹೆಸರನ್ನು ಕೂಗುವ ಮೊದಲು ಅತ್ತೆಯಾದವಳು ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುತ್ತಾಳೆ, ಉಳಿದವರು ಅವಳ ಬೆನ್ನಿಗೆ ಗುದ್ದುತ್ತಾರೆ. ಆ ಗದ್ದಲದಲ್ಲಿ ನಾನು ಕಿವಿಯಲ್ಲಿ ಹೇಳಿದ್ದು ದ್ಯಾವಪ್ಪ ಎಂದು. ಕಿವಿಯಲ್ಲಿ ಹೇಳಿದ್ದೇ ಹೆಸರು, ಕೂಗಿದ್ದು ಊರಿಗೆ. ಅವ್ವನಿಗೆ ತಿಳಿಸಿದ್ದೇನೆ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ತೊಟ್ಟಿಲ ಆ ಬದಿ ಹಿಡಿದಿದ್ದ ನಿನ್ನ ಹೆಂಡತಿ ಮಲ್ಲಿಕಮ್ಮನೂ ಕೇಳಿಸಿಕೊಂಡಿದ್ದಾಳೆ. ಒಂದು ದಿನ ಕಚೇರಿಯಿಂದ ಬೇಗ ಬಂದು, ಕೆಮ್ಮದೆ, ಬಾಗಿಲ ಹೊರಗೆ ನಿಂತು ಕೇಳು, ಅವಳು ಮಗನನ್ನು ಏನೆಂದು ಕರೆಯುತ್ತಾಳೆ ಎಂದು.