ದೀಪದ ಲೋಟಕ್ಕೆ ಅಂಟಿದ ಹಳದಿ

ಪ್ರೀತಿಯ ರಾಧಾ,

ಬಂಗಾರಪೇಟೆಯ ಕಾಲೇಜೊಂದರ ರಸಾಯನಶಾಸ್ತ್ರದ ಉಪನ್ಯಾಸಕನೂ ನಿನ್ನ ಗಂಡನೂ ಆದ ಮುನೀಂದ್ರ ಎಂಬ ನಾನು, ನಿನ್ನ ಫೋಟೋದ ಮುಂದೆ ಕೈಕಟ್ಟಿ ನಿಂತು ಒಪ್ಪಿಕೊಳ್ಳುವುದೇನೆಂದರೆ: ನಿನ್ನ ಸೂತಕ ಕಳೆಯುವ ಮೊದಲೇ, ಉರಿಗಾಂನ ಈ ತಗಡಿನ ಮನೆಯ ಹಿತ್ತಲಲ್ಲಿ ಕದ್ದು ನಿಂತು, ಗಾಜಿನ ಲೋಟದಲ್ಲಿ ಹಸಿ ಮೊಟ್ಟೆ ಕಲಕಿ ಕುಡಿದೆ. ಸಮಾಧಾನ ಹೇಳಲು ಬಂದವರೆಲ್ಲ ತತ್ತ್ವ ಬಡಿಸುತ್ತಿದ್ದರು. ನನ್ನ ಹೊಟ್ಟೆ ತತ್ತಿ ಕೇಳಿತು. ಲೋಟವನ್ನು ನೀರಲ್ಲಿ ಒಮ್ಮೆ ಆಡಿಸಿ ಗೂಡಿನಲ್ಲಿಟ್ಟೆ. ಸಾಬೂನು ಹಚ್ಚಿ ತೊಳೆಯುವಷ್ಟು ವ್ಯವಧಾನ ಯಾವ ಕಳ್ಳನಿಗಿರುತ್ತದೆ?

ಸಂಜೆ ನಿಮ್ಮಮ್ಮ ಮುನಿನಾರಾಯಣಮ್ಮ ಅದೇ ಲೋಟ ತೆಗೆದುಕೊಂಡರು. ಅರ್ಧ ನೀರು, ಮೇಲೆ ಎಣ್ಣೆ. ಬತ್ತಿ ಕೂರಿಸಲು ಕಡ್ಡಿಯಿಂದ ಕಲಕಿ, ನಿನಗೆ ದೀಪ ಹಚ್ಚಿದರು. ದೀಪ ಚಟಪಟ ಸಿಡಿಯತೊಡಗಿತು.

ನಿಮ್ಮಮ್ಮ ನನ್ನೊಡನೆ ಎಂದೂ ನೇರವಾಗಿ ಮಾತಾಡಿದವರಲ್ಲ. ಅಳಿಯನ ಮುಖ ನೋಡಿ ಮಾತಾಡುವುದು ಅವರ ಮನೆಯಲ್ಲಿ ಮರ್ಯಾದೆಯಲ್ಲ. ನಾನು ಎದುರಿಗೇ ಕೂತಿದ್ದರೂ, "ರಾಧಾ, ಮುದ್ದೆ ಆರೋಯ್ತದೆ ಅಂತ ಯೋಳಮ್ಮಾ ಅವ್ರಿಗೆ" ಎನ್ನುವರು. ನಾನು, "ಬಂದೆ ಅಂತ ಹೇಳು ರಾಧಾ" ಎನ್ನುವೆ. ನೀನು ನಡುವೆ ನಿಂತು ಸೊಂಟಕ್ಕೆ ಕೈಯಿಟ್ಟು, "ಮೇಷ್ಟ್ರೇ, ಕಿವಿ ಇಬ್ರಿಗೂ ಐತೆ, ಬಾಯಿ ಮಾತ್ರ ನಂದು ಬಾಡ್ಗೆಗೆ ಬೇಕಾ?" ಎಂದು ನಗುತ್ತಿದ್ದೆ. ಆ ಹಾಳು ಜ್ವರ ನಿನ್ನನ್ನು ಕರೆದೊಯ್ದ ಮೇಲೆ ಅವರು ನಿನ್ನ ದೀಪಕ್ಕೆ ಹೇಳತೊಡಗಿದರು, ನಾನೂ ದೀಪಕ್ಕೇ ಉತ್ತರ ಕೊಡತೊಡಗಿದೆ.

ಅಂಥ ದೀಪವೇ ಸಿಡಿದರೆ?

"ನನ್ ಮಗ್ಳು ಒಳಗೊಳಗೇ ಒದ್ದಾಡ್ತಾವ್ಳೆ. ನಂಗೆ ಹೆಂಗ್ ತುತ್ತು ಇಳೀತದೆ?" ಎಂದು ತಟ್ಟೆ ಸರಿಸಿದರು. ಮರುದಿನವೂ ಸರಿಸಿದರು. ಅತ್ತೆ ಅತ್ತರು. ನನ್ನ ಈ ಹಳೆಯ ಶ್ಲೇಷೆಗೆ ನನಗೇ ನಗು ಬಾರದೆ ಹೋದದ್ದು ಇದೇ ಮೊದಲು.

ಕೊನೆಗೆ ದೀಪದ ಮುಂದೆ ಕೂತು ಪಾಠ ಶುರುಮಾಡಿದೆ. "ನೋಡು ರಾಧಾ, ನೀರಿನ ಅಣುವಿಗೆ ಒಂದು ಕಡೆ ಚೂರು ಧನ, ಇನ್ನೊಂದು ಕಡೆ ಚೂರು ಋಣ. ಅದಕ್ಕೇ ಒಂದು ಇನ್ನೊಂದರ ಕೈಹಿಡಿದುಕೊಳ್ಳುತ್ತದೆ. ಇದು ಧ್ರುವೀಯ. ಎಣ್ಣೆಗೆ ಅಂಥ ಎರಡು ತುದಿಗಳಿಲ್ಲ. ಅದು ಅಧ್ರುವೀಯ. ಕೈಕೈ ಹಿಡಿದ ಆ ಗುಂಪಿನಲ್ಲಿ ಜಾಗ ಸಿಗದೆ ಮೇಲೆ ಹೋಗಿ ಬೇರೆ ಕೂರುತ್ತದೆ. ಮೊಟ್ಟೆಯ ಹಳದಿಯಲ್ಲಿ ಫಾಸ್ಫೊಲಿಪಿಡ್ ಅಂತ ಒಂದಿದೆ. ಅದರ ತಲೆಯಲ್ಲಿ ರಂಜಕ. ನಿನ್ನ ತಲೆಯಷ್ಟೇ ಮನರಂಜಕ. ತಲೆ ನೀರಿಗೆ ಒಲಿಯುತ್ತದೆ, ಕೊಬ್ಬಿನ ಎರಡು ಬಾಲಗಳು ಎಣ್ಣೆಯೊಳಗೆ ಚಾಚುತ್ತವೆ. ಇಬ್ಬರನ್ನೂ ಹಿಡಿದುಕೊಂಡು ನೀರಿನ ಹನಿಗಳನ್ನು ಎಣ್ಣೆಯಲ್ಲಿ ನಿಲ್ಲಿಸುತ್ತದೆ. ಆ ಹನಿ ಬತ್ತಿ ಮುಟ್ಟಿದರೆ ಕುದಿದು ಸಿಡಿಯುತ್ತದೆ. ಒದ್ದಾಡುತ್ತಿರುವುದು ನೀನಲ್ಲ, ನಾನು ಕುಡಿದ ಮೊಟ್ಟೆ ಅಂತ ಅತ್ತೆಗೆ ಹೇಳು."

ಅತ್ತೆ ದೀಪದ ಕಡೆ ತಿರುಗಿದರು. "ಕೇಳ್ದೇನಮ್ಮಾ? ಸೂತಕ್ದಾಗೆ ಮೊಟ್ಟೆ ಕುಡ್ದವ್ರಂತೆ! ನೀನ್ಯಾಕೆ ಅಂಗೆ ಚಟಪಟ ಬಯ್ತಿದ್ದೆ ಅಂತ ಈಗ ಗೊತ್ತಾಯ್ತು ಬುಡು."

ಅಂದು ಊಟ ಮಾಡಿದರು. ನಾನು ಲೋಟವನ್ನು ತಿಕ್ಕಿ ತಿಕ್ಕಿ ತೊಳೆದೆ. ದೀಪ ಅಲುಗದೆ ಉರಿಯಿತು. ಕಾಲೇಜಿನಲ್ಲಿ ಸಹೋದ್ಯೋಗಿ ಜಯರಾಮಪ್ಪನವರ ಮುಂದೆ ಎದೆಯುಬ್ಬಿಸಿದೆ: "ಮಂತ್ರವಿಲ್ಲದೆ, ಬರೀ ಸಾಬೂನಿನಲ್ಲಿ ದೆವ್ವ ಬಿಡಿಸಿದವನು ನಾನು. ಮುನೀಂದ್ರನ ಮನೆಯಲ್ಲಿ ಅಣುಗಳಿಗೆ ಮಾತ್ರ ಜಾಗ."

ಆದರೆ ದೀಪ ಸುಮ್ಮನಾದ ಮೇಲೆ ಅತ್ತೆಯೂ ಸುಮ್ಮನಾದರು. ಮಗಳು ನೆಮ್ಮದಿಯಾಗಿ ಮಲಗಿದ್ದಾಳೆ, ಎಬ್ಬಿಸಬಾರದು ಎಂದು ನಿನಗೂ ಏನೂ ಹೇಳಲಿಲ್ಲ. ಊಟದ ತಟ್ಟೆ ಸದ್ದಿಲ್ಲದೆ ನನ್ನತ್ತ ಸರಿದು ಬರುತ್ತದೆ, ಸದ್ದಿಲ್ಲದೆ ಹೋಗುತ್ತದೆ. ಚಿನ್ನದ ಗಣಿಯ ಸೈನೈಡ್ ಮಣ್ಣಿನ ದಿಬ್ಬದ ಕಡೆಯ ಗಾಳಿಗೆ ಬಾಗಿಲು ಬಡಿದುಕೊಂಡರೆ ಇಬ್ಬರೂ ಒಟ್ಟಿಗೇ ಅತ್ತ ತಿರುಗುತ್ತೇವೆ, ನಿನ್ನ ಚಪ್ಪಲಿ ಇರುತ್ತಿದ್ದ ಜಾಗ ನೋಡಿ ಮುಖ ತಪ್ಪಿಸುತ್ತೇವೆ. ಮೇಲೆ ಎಣ್ಣೆ, ಕೆಳಗೆ ನೀರು. ನಡುವೆ ಹಿಡಿದುಕೊಂಡಿದ್ದವಳು ನೀನು.

ನಿನ್ನೆ ಅವರ ಬಟ್ಟೆಯ ಚೀಲ ಬಾಗಿಲ ಬಳಿ ಬಂದು ಕೂತಿತು. ನಾಳೆ ಅವರೂರು ಕಾಮಸಮುದ್ರದ ಬಸ್ಸು. ಅವರು ಹೋದರೆ ಈ ಮನೆಯಲ್ಲಿ "ರಾಧಾ" ಎಂದು ಬಾಯಿಬಿಟ್ಟು ಕರೆಯುವವರಾರೂ ಉಳಿಯುವುದಿಲ್ಲ. ಇರಿ ಅನ್ನಲು ನನಗೆ ಬಾಯಿಲ್ಲ, ಇದ್ದದ್ದು ನಿನ್ನದು.

ಇವತ್ತು ಸಂಜೆ ಅಶ್ವತ್ಥಪ್ಪನ ಅಂಗಡಿಯಿಂದ ಮೊಟ್ಟೆ ತಂದು ಒಡೆದೆ. ಹಳದಿಯನ್ನು ಬೆರಳ ತುದಿಯಲ್ಲಿ ತೆಗೆದು ಲೋಟಕ್ಕೆ ಹಾಕಿ, ಕಡ್ಡಿಯಲ್ಲಿ ಕಲಕಿ ದೀಪ ಹಚ್ಚಿದೆ. ಚಟ್ ಅಂತು. ಅತ್ತೆ ಅಡುಗೆಮನೆಯಿಂದ ಓಡಿ ಬಂದರು. ಲೋಟ ನೋಡಿದರು, ನನ್ನ ಬೆರಳು ನೋಡಿದರು. ಚೀಲವನ್ನೆತ್ತಿ ಒಳಗಿಡುತ್ತಾ ದೀಪಕ್ಕೆ ಹೇಳಿದರು: "ರಾಧಾ, ಮಿಕ್ಕಿದ್ ಮೊಟ್ಟೆ ಎಲ್ಲಿಕ್ಕವ್ರೆ ಅಂತ ಕೇಳಮ್ಮಾ. ಬೆಳಿಗ್ಗೆ ಸಾರಿಗಾಯ್ತದೆ."

ಅತ್ತೆ ಓಡಿ ಬರುವ ಮೊದಲು ನಡೆದದ್ದನ್ನು ಜಯರಾಮಪ್ಪನವರಿಗೆ ಹೇಳಬೇಡ. ದೀಪ ಸಿಡಿದದ್ದು ಯಾಕೆಂದು ಈ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು, ಹಳದಿ ಇನ್ನೂ ಬೆರಳಲ್ಲೇ ಇತ್ತು. ಆದರೂ ಆ ಸದ್ದಿಗೆ ನಾನು ದಡಕ್ಕನೆ ಎದ್ದುನಿಂತು, "ಬಂದೆ ರಾಧಾ" ಎಂದುಬಿಟ್ಟೆ.

ಎಲ್ಲಿದ್ದರೂ ತಂಪಾಗಿರು, ನಮ್ಮಿಬ್ಬರನ್ನೂ ಬಯ್ಯುತ್ತಲೇ ಇರು.

ನಿನ್ನ ಮೇಷ್ಟ್ರು,
ಮುನೀಂದ್ರ