ಎದೆಯ ಮೇಲಿನ ಎಣ್ಣೆ

೪-೬-೮೪, ಸಾಗರ

ಬೆಳಿಗ್ಗೆ ಎರಡು ಹೆರಿಗೆ. ಎರಡೂ ಹೆಣ್ಣು, ಎರಡೂ ಚೆನ್ನಾಗಿವೆ. ಕೂಸಿನ ಎದೆಗೆ ಕಿವಿಯಿಟ್ಟು ನಾನು ಬಡಿತಕ್ಕೊಂದರಂತೆ ಮೇಜಿನ ಮೇಲೆ ಬೆರಳು ತಟ್ಟುವುದು, ಡಾಕ್ಟರು ವಾಚು ನೋಡಿ ಎಣಿಸುವುದು—ಈ ನರ್ಸಿಂಗ್ ಹೋಮಿನಲ್ಲಿ ಹತ್ತೊಂಬತ್ತು ವರ್ಷದಿಂದ ಹೀಗೇ.

ಮಧ್ಯಾಹ್ನ ಮಂಗಳೂರಿನಿಂದ ಹೊಸ ನರ್ಸ್ ಬಂದಳು. ವಾಗ್ದೇವಿ. ಜೊತೆಗೆ ಎದೆಬಡಿತ ಎಣಿಸುವ ಒಂದು ಮೆಷಿನ್ನು. ಎದೆಗೆ ಮೂರು ಬಿಲ್ಲೆ ಅಂಟಿಸಿದರೆ ಸಾಕಂತೆ. ಸೂಜಿಯಿಲ್ಲ, ನೋವಿಲ್ಲ. ಹಸಿರು ಗೆರೆ ಕುಣಿಯುತ್ತದೆ, ನಂಬರ್ ಬರುತ್ತದೆ. ಡಾಕ್ಟರು ಊಟ ಮರೆತು ನೋಡುತ್ತ ನಿಂತರು.

೯-೬-೮೪

ಐದು ದಿನದಿಂದ ಯಾರೂ ನನಗೆ ತುಂಗಮ್ಮ, ತಟ್ಟು ಎಂದಿಲ್ಲ. ವಾಗ್ದೇವಿ, ನಂಬರ್ ಎಷ್ಟು ಎನ್ನುತ್ತಾರೆ ಡಾಕ್ಟರು. ಅಷ್ಟೇ. ಅವಳಿಗೆ ಇಪ್ಪತ್ತಮೂರು. ಕೂಸಿಗೆ ಬಟ್ಟೆ ಸುತ್ತಲು ನೆಟ್ಟಗೆ ಬಾರದು. ಹೊಸ ನೀರು ಬಂದು ಹಳೆ ನೀರು ಕೊಚ್ಚಿಕೊಂಡು ಹೋಯಿತು ಎಂದು ಅಡುಗೆಯ ದುಗ್ಗಮ್ಮ ಹಂಗಿಸಿದಳು.

ಹೊಟ್ಟೆ ಉರಿಯುತ್ತದೆ. ಬರೆದೇಬಿಟ್ಟೆ—ಉರಿಯುತ್ತದೆ.

೧೩-೬-೮೪

ಕನ್ನಮ್ಮನಿಗೆ ಗಂಡು ಮಗು. ಹೊಸನಗರದ ಕಡೆಯವಳು. ಹಿಂದಿನ ಎರಡು ಕೂಸುಗಳೂ ಹುಟ್ಟಿ ವಾರ ತುಂಬುವ ಮೊದಲೇ ಹೋದವು, ಹೃದಯ ಸರಿಯಿರಲಿಲ್ಲ. ಈ ಮಗುವಿಗೆ ಏಳು ದಿನ ಮೆಷಿನ್ ತೆಗೆಯಕೂಡದೆಂದು ಡಾಕ್ಟರ ಆರ್ಡರ್. ಎದೆಗೆ ಎಣ್ಣೆ ಮುಟ್ಟಿಸಬೇಡಿ, ಬಿಲ್ಲೆ ಜಾರುತ್ತದೆ ಎಂದು ವಾಗ್ದೇವಿ ಎಲ್ಲರಿಗೂ ಹೇಳಿದಳು. ಕೂಸಿನ ಎಣ್ಣೆ-ನೀರು ನನಗೇ ಕಲಿಸುತ್ತಾಳೆ.

೧೫-೬-೮೪

ಕನ್ನಮ್ಮನ ತಾಯಿ ಬೆಳಿಗ್ಗೆ ಎಣ್ಣೆ ಬಟ್ಟಲು ಹಿಡಿದು ಬಂದಳು. ಎಣ್ಣೆ ಕಾಣದ ಕೂಸಿಗೆ ಥಂಡಿಯಾಗುತ್ತದೆಂದು ಗೋಗರೆದಳು. ಬೇಡ ಎನ್ನಬಹುದಿತ್ತು. ವಾಗ್ದೇವಿ ಸ್ನಾನಕ್ಕೆ ಹೋಗಿದ್ದಳು. ಬಿಲ್ಲೆ ಬಿಡಿಸಿ ನಾನೇ ಹಚ್ಚಿದೆ. ಎದೆಗೆ ಒಂದು ಕೈ ಹೆಚ್ಚೇ. ಒರೆಸಿದಂತೆ ಮಾಡಿ ಮತ್ತೆ ಅಂಟಿಸಿದೆ.

ಮೂರು ಸಲ ಅಲಾರಾಂ ಹೊಡೆಯಿತು. ಮೂರು ಸಲವೂ ಡಾಕ್ಟರು ಓಡಿಬಂದರು. ಮಗು ಹಾಯಾಗಿ ನಿದ್ದೆಯಲ್ಲಿ. ಕೊನೆಗೆ ಸ್ವಿಚ್ ಆರಿಸಿ, ಇದನ್ನು ಇನ್ನು ಮುಟ್ಟಬೇಡ, ಕಲಿತದ್ದು ಇಷ್ಟೇನಾ ಎಂದು ವಾಗ್ದೇವಿಗೆ ಎಲ್ಲರೆದುರು ಬೈದರು. ಅವಳು ಅತ್ತಳು. ನನಗೆ ಮಜ್ಜಿಗೆ ಕುಡಿದಷ್ಟು ತಂಪು.

೧೬-೬-೮೪, ಸಂಜೆ

ಮೂರು ಗಂಟೆಗೆ ಹಾಲೂಡಿಸಲು ಮಗುವನ್ನು ಎತ್ತಿದೆ—ತುಟಿ ನೀಲಿ. ಎದೆಗೆ ಕಿವಿಯಿಟ್ಟೆ. ಒಂದು... ಇನ್ನೊಂದು ಬರುವಷ್ಟರಲ್ಲಿ ಜೀವ ಬಾಯಿಗೆ ಬಂತು. ಮೇಜು ತಟ್ಟಿದೆ. ಡಾಕ್ಟರು ವಾಚು ನೋಡಿದರು. ನೂರಿಪ್ಪತ್ತಾದರೂ ಇರಬೇಕು, ಎಪ್ಪತ್ತೂ ಇಲ್ಲ. ಆಕ್ಸಿಜನ್, ಇಂಜೆಕ್ಷನ್, ಜೀಪು, ಶಿವಮೊಗ್ಗ. ವಾಗ್ದೇವಿ ಮಗುವನ್ನು ಅವಚಿಕೊಂಡು ಹತ್ತಿದಳು.

ತುಂಗಮ್ಮನ ಬೆರಳಿನ ಮುಂದೆ ಯಾವ ಮೆಷಿನ್ನೂ ಇಲ್ಲ ಎಂದರು ಡಾಕ್ಟರು. ಹತ್ತೊಂಬತ್ತು ವರ್ಷ ಕಾದ ಮಾತು.

ಮೆಷಿನ್ ಆನ್ ಇದ್ದಿದ್ದರೆ ಎಷ್ಟು ಮೊದಲೇ ಕೂಗುತ್ತಿತ್ತೋ.

೨೪-೬-೮೪

ಮಗು ಬದುಕಿದೆ. ವಾಗ್ದೇವಿ ಶಿವಮೊಗ್ಗದಿಂದ ಬಂದಳು—ಟ್ರಂಕು ಕಟ್ಟಲು. ಅವಳನ್ನೂ ಮೆಷಿನ್ನನ್ನೂ ನಂಬಲಾಗದೆಂದು ಡಾಕ್ಟರು ನಾಳೆ ಮಂಗಳೂರಿಗೆ ವಾಪಸು ಕಳಿಸುತ್ತಾರೆ. ನನಗೆ ಬೇಕಾಗಿದ್ದೂ ಇದೇ.

ಸೀರೆ ಮಡಚುತ್ತ ತಲೆಯೆತ್ತದೆ ಹೇಳಿದಳು.

"ಬಿಲ್ಲೆ ಬಿಡಿಸ್ದಾಗ ಎಣ್ಣೆ ವಾಸ್ನೆ ಬಂತು ತುಂಗಕ್ಕ, ನಿಮ್ಮ ಕೈಲೂ ಅದೇ ವಾಸ್ನೆ. ನೀವೇ ಅಂತ ಅವತ್ತೇ ಗೊತ್ತಾಯ್ತು. ಡಾಕ್ಟ್ರಿಗೆ ಹೇಳಿಲ್ಲ. ಹೋಗೋ ಮೊದ್ಲು ಆ ತಟ್ಟೋದೊಂದು ಕಲ್ಸಿಕೊಡಿ."

ಕಲಿಸಿದೆ. ಅರ್ಧ ಗಂಟೆಯಲ್ಲಿ ಕಲಿತಳು. ಅದಕ್ಕೂ ಹೊಟ್ಟೆ ಉರಿಯಿತು. ಗೊತ್ತಿದ್ದೂ ಹೇಳದೆ ಇದ್ದಳಲ್ಲ, ಅದಕ್ಕೆ ಇನ್ನೂ ಹೆಚ್ಚು. ನನಗಾದರೆ ಆಗುತ್ತಿರಲಿಲ್ಲ.

೨೫-೬-೮೪, ಬೆಳಿಗ್ಗೆ ಏಳೂವರೆ

ಬಸ್ಸು ಎಂಟಕ್ಕೆ. ಡಾಕ್ಟರಿಗೆ ಹೇಳಬೇಕು. ಹೇಳಿದರೆ ಹೋಗುವವಳು ನಾನು. ಎರಡು ಸಲ ಬಾಗಿಲವರೆಗೆ ಹೋಗಿ ಬಂದೆ. ಎಡಗೈ ಬೆರಳು ತಾನಾಗೇ ಮೇಜು ತಟ್ಟುತ್ತಿದೆ. ಎಣಿಸಿದೆ. ನನ್ನದೇ ಎದೆ... ನೂರು ದಾಟಿದೆ.

ವಾಗ್ದೇವಿ ಟ್ರಂಕು ಎತ್ತಿಕೊಂಡು ಅಂಗಳಕ್ಕಿಳಿದಳು. ಡಾಕ್ಟರು ಮೆಟ್ಟಿಲ ಮೇಲಿದ್ದಾರೆ. ಈಗ ಹೋಗಿ ಹೇಳದಿದ್ದರೆ—